ಬಾಲ್ಯದಲ್ಲಿ ಹೆದರಿಸಿದ ಸಿನಿಮಾವನ್ನು ಮತ್ತೆ ನೋಡುವುದು ಹೇಗೆ? ‘ರಿಟರ್ನ್ ಟು ಓಜ್’ ಚಿತ್ರಕ್ಕೊಂದು ಮಾರ್ಗದರ್ಶಿ

ಡಿಸ್ನಿ ಸಂಸ್ಥೆ 1985ರಲ್ಲಿ ಬಿಡುಗಡೆ ಮಾಡಿದ ‘ರಿಟರ್ನ್ ಟು ಓಜ್’ ಚಿತ್ರವನ್ನು ಎಳೆಯ ವಯಸ್ಸಿನಲ್ಲಿ ನೋಡಿದವರು ಅದರ ಕಥೆಯನ್ನು ಮರೆತಿರಬಹುದು. ಕೈಕಾಲುಗಳ ತುದಿಯಲ್ಲಿ ಚಕ್ರಗಳಿದ್ದ ಆ ಜನರನ್ನು, ಗಾಜಿನ ಕಪಾಟುಗಳಲ್ಲಿ ಸಾಲಾಗಿ ಇಟ್ಟಿದ್ದ ಹೆಂಗಸರ ತಲೆಗಳನ್ನು ಮಾತ್ರ ಮರೆತಿರುವುದಿಲ್ಲ. ದೊಡ್ಡವರಾದ ಮೇಲೆ ಅದನ್ನು ಇನ್ನೊಮ್ಮೆ ನೋಡಬೇಕು ಎಂಬ ಆಸೆ ಬಂದಾಗ ಅದರ ಬೆನ್ನಿಗೇ ಒಂದು ಅಳುಕೂ ಬರುತ್ತದೆ. ಮತ್ತೆ ಹೆದರಿಕೆಯಾದರೆ ಎಂಬುದು ಒಂದು ಅಳುಕು. ಹೆದರಿಕೆಯೇ ಆಗದೆ, ಅಷ್ಟು ವರ್ಷ ಮನಸ್ಸಿನೊಳಗೆ ಬೃಹದಾಕಾರವಾಗಿ ನಿಂತಿದ್ದದ್ದು ರಬ್ಬರು, ಬಣ್ಣ, ಹಲಗೆಗಳ ರಾಶಿಯಾಗಿ ಕಂಡುಬಿಟ್ಟರೆ ಎಂಬುದು ಇನ್ನೊಂದು. ನನಗೆ ಈ ಎರಡನೆಯದೇ ದೊಡ್ಡ ಅಳುಕು.

ಹಾಗಾಗಬೇಕಾಗಿಲ್ಲ. ಈ ಚಿತ್ರದಲ್ಲಿ ಭಯವೂ ಸೌಂದರ್ಯವೂ ಒಂದೇ ಬೇರಿನಿಂದ ಹುಟ್ಟಿವೆ. ಒಂದು ಮಗು ನಿಜವನ್ನು ಹೇಳುತ್ತಿದೆ, ಸುತ್ತಲಿನ ದೊಡ್ಡವರು ಅದನ್ನು ನಂಬುತ್ತಿಲ್ಲ. ಚಕ್ರದವರಾಗಲಿ, ತಲೆಗಳಾಗಲಿ, ಮಾತಾಡುವ ಬಂಡೆಯಾಗಲಿ, ಎಲ್ಲವೂ ಅಲ್ಲಿಂದಲೇ ಚಿಗುರುತ್ತವೆ. ಆ ಬೇರು ಕೈಗೆ ಸಿಗುವಂತೆ ನೋಡುವುದು ಹೇಗೆ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ. ಆ ಕಾಲದ ಬೇರೆ ಚಿತ್ರಗಳಿಗೂ ಈ ಕ್ರಮ ಹೊಂದುತ್ತದೆ. ಮನುಷ್ಯರ ಮುಖವೇ ಕಾಣಿಸಿಕೊಳ್ಳದ, ಇಡೀ ಕಥೆಯನ್ನು ಬೊಂಬೆಗಳೇ ನಡೆಸುವ 1982ರ ‘ದಿ ಡಾರ್ಕ್ ಕ್ರಿಸ್ಟಲ್’ ನಿಮ್ಮನ್ನು ಕಾಡಿದ್ದರೆ ಅದಕ್ಕೂ, ಜೌಗಿನಲ್ಲಿ ಕುದುರೆ ಮುಳುಗುವ 1984ರ ‘ದಿ ನೆವರ್‌ಎಂಡಿಂಗ್ ಸ್ಟೋರಿ’ ಕಾಡಿದ್ದರೆ ಅದಕ್ಕೂ ಇದನ್ನೇ ಬಳಸಬಹುದು. ಆದರೆ ಒಂದೇ ಚಿತ್ರವನ್ನು ಹಿಡಿದು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲ ಹೆಜ್ಜೆ: ನೆನಪನ್ನು ಬರೆದಿಟ್ಟುಕೊಳ್ಳಿ

ಚಿತ್ರ ಹಚ್ಚುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ಟ್ರೇಲರ್ ನೋಡಬೇಡಿ, ಕಥಾಸಾರ ಓದಬೇಡಿ, ಅಂತರ್ಜಾಲದಲ್ಲಿ ಚಿತ್ರದ ಫೋಟೊಗಳನ್ನು ಹುಡುಕಬೇಡಿ. ಈ ಲೇಖನವೂ ಮುಂದೆ ಕಥೆಯನ್ನೆಲ್ಲ ಬಿಚ್ಚಿಡುತ್ತದೆ. ಆದ್ದರಿಂದ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಬರೆದು ಮುಗಿಸಿ, ಆಮೇಲೆ ಮುಂದುವರಿಸಿದರೆ ಒಳ್ಳೆಯದು.

ಕಣ್ಣಿಗೆ ಕಟ್ಟಿದಂತೆ ಉಳಿದಿರುವ ದೃಶ್ಯ ಯಾವುದು? ಅದರಲ್ಲಿ ಯಾವ ಬಣ್ಣವಿತ್ತು? ಏನಾದರೂ ಸದ್ದು ನೆನಪಿದೆಯೇ? ಎಲ್ಲಿ ಕಣ್ಣು ಮುಚ್ಚಿಕೊಂಡಿರಿ? ಪಕ್ಕದಲ್ಲಿ ಯಾರಿದ್ದರು, ಅವರು ನಿಮ್ಮ ಹೆದರಿಕೆಯನ್ನು ಗಮನಿಸಿದರೇ? ಕೊನೆಗೆ ಏನಾಯಿತು? ಹೊಳೆದಷ್ಟನ್ನು ತುಂಡುತುಂಡಾಗಿಯೇ ಬರೆಯಿರಿ, ಕಥೆಯಾಗಿ ಜೋಡಿಸಲು ಹೋಗಬೇಡಿ. ‘ಇದು ಬೇರೆ ಸಿನಿಮಾದ್ದಿರಬೇಕು’ ಎಂಬ ಅನುಮಾನ ಬಂದರೂ ಹೊಡೆದುಹಾಕಬೇಡಿ.

ಇಷ್ಟೆಲ್ಲ ಏಕೆಂದರೆ, ಚಿತ್ರವನ್ನು ಒಮ್ಮೆ ಮತ್ತೆ ನೋಡಿದಿರೋ, ಹೊಸದಾಗಿ ಕಂಡದ್ದು ಹಳೆಯ ನೆನಪಿನ ಮೇಲೆ ಬಂದು ಕೂರುತ್ತದೆ. ಆಮೇಲೆ ಎಷ್ಟು ತಡಕಾಡಿದರೂ ಹಳೆಯದು ಬೇರೆಯಾಗಿ ಸಿಗುವುದಿಲ್ಲ. ಆರೇಳು ವರ್ಷದ ನಿಮ್ಮ ಕಣ್ಣು ಕಂಡದ್ದಕ್ಕೆ ಈ ಕಾಗದವೊಂದೇ ದಾಖಲೆ. ಅದನ್ನು ಮಡಚಿಡಿ. ಚಿತ್ರ ಮುಗಿದ ಮೇಲೆ ಅದರಿಂದ ಕೆಲಸವಿದೆ.

ಪರದೆ ಮತ್ತು ಸದ್ದು

ನಮ್ಮಲ್ಲಿ ಅನೇಕರು ಇಂಥ ಚಿತ್ರಗಳನ್ನು ಟಿ.ವಿ.ಯಲ್ಲಿ ಅಥವಾ ಕ್ಯಾಸೆಟ್‌ನಲ್ಲಿ ನೋಡಿದವರು. ಆಗಿನ ಟಿ.ವಿ.ಯ ಹೆಚ್ಚುಕಡಿಮೆ ಚೌಕಾಕಾರದ ಪರದೆಗೆ ಹೊಂದಿಸಲು ಚಿತ್ರದ ಎರಡು ಬದಿಗಳನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಈಗ ಅಗಲವಾದ ಪೂರ್ಣ ಚೌಕಟ್ಟಿನ ಪ್ರತಿಯನ್ನೇ ಹುಡುಕಿಕೊಳ್ಳಿ. ಓಜ್ ಎಂಬ ಮಾಯಾಲೋಕದ ಪಾಳುಬಿದ್ದ ಪಚ್ಚೆ ನಗರದಲ್ಲಿ ಕಥಾನಾಯಕಿ ಡೊರೊಥಿ ಎಷ್ಟು ಪುಟ್ಟವಳು, ಎಷ್ಟು ಒಂಟಿ ಎಂಬುದು ಚೌಕಟ್ಟಿನ ಅಗಲವಿದ್ದಾಗಲೇ ಗೊತ್ತಾಗುವುದು.

ಸದ್ದಿನ ವಿಷಯದಲ್ಲಿ ರಾಜಿ ಬೇಡ. ನಿರ್ದೇಶಕ ವಾಲ್ಟರ್ ಮರ್ಚ್ ಮೂಲತಃ ಧ್ವನಿ ಮತ್ತು ಸಂಕಲನದ ಕಸುಬುದಾರ. 1974ರ ‘ದಿ ಕಾನ್ವರ್ಸೇಶನ್’ ಚಿತ್ರದ ಧ್ವನಿ ಅವರದು, 1979ರ ‘ಅಪೊಕಲಿಪ್ಸ್ ನೌ’ ಚಿತ್ರದ ಧ್ವನಿಗೆ ಅವರಿಗೆ ಆಸ್ಕರ್ ಬಂತು. ನಿರ್ದೇಶಕರಾಗಿ ಅವರು ಮಾಡಿದ ಪೂರ್ಣಪ್ರಮಾಣದ ಕಥಾಚಿತ್ರ ಇದೊಂದೇ. ಇಲ್ಲಿ ಹೆದರಿಕೆಯ ಅರ್ಧಭಾಗ ಕಿವಿಯಿಂದಲೇ ಒಳಗೆ ಬರುತ್ತದೆ. ಒಳ್ಳೆಯ ಸ್ಪೀಕರ್ ಇಲ್ಲದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಮೊಬೈಲ್ ಪರದೆಯಲ್ಲಿ ನೋಡುವುದಾದರೆ ಇನ್ನೊಂದು ದಿನಕ್ಕೆ ಮುಂದೂಡುವುದೇ ಲೇಸು. ಚಿತ್ರ ಎರಡು ಗಂಟೆಗಿಂತ ಸ್ವಲ್ಪ ಕಡಿಮೆ ಇದೆ, ಒಂದೇ ಕೂರಿನಲ್ಲಿ ಮುಗಿಸಿ.

ಜೊತೆಗೆ ಯಾರು? ಮೊದಲ ಸಲ ಒಬ್ಬರೇ ನೋಡಿ. ಇಲ್ಲವೇ ಬಾಲ್ಯದಲ್ಲಿ ನಿಮ್ಮ ಜೊತೆಗೇ ನೋಡಿದ್ದ ಅಕ್ಕನೋ ತಮ್ಮನೋ ಇದ್ದರೆ ಅವರನ್ನು ಕೂರಿಸಿಕೊಳ್ಳಿ. ಚಿತ್ರವನ್ನು ಮೊದಲ ಬಾರಿ ನೋಡುತ್ತಿರುವ ಗೆಳೆಯರ ಗುಂಪು ಬೇಡ. ಅವರ ನಗು ನಿಮ್ಮ ನೆನಪಿನ ಮೇಲೆ ಬೀಳುತ್ತದೆ. ನಿಮ್ಮ ಮಗುವನ್ನು ಕೂರಿಸಿಕೊಳ್ಳುವುದಂತೂ ಈಗಲೇ ಬೇಡ, ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

1939ರ ಚಿತ್ರವನ್ನು ಪಕ್ಕಕ್ಕಿಡಿ

ಜೂಡಿ ಗಾರ್ಲಂಡ್ ನಟಿಸಿದ 1939ರ ‘ದಿ ವಿಜರ್ಡ್ ಆಫ್ ಓಜ್’ ಹಾಡುಗಳ ಚಿತ್ರ. ಅಲ್ಲಿ ಓಜ್ ಒಂದು ಕನಸು, ಎಚ್ಚರವಾದಾಗ ಎಲ್ಲರೂ ಹಾಸಿಗೆಯ ಸುತ್ತ ನಗುತ್ತ ನಿಂತಿರುತ್ತಾರೆ. ಅದರ ಮುಂದಿನ ಭಾಗ ಎಂದುಕೊಂಡು ಚಿತ್ರಮಂದಿರಕ್ಕೆ ಹೋದವರಿಗೆ 1985ರಲ್ಲಿ ಆಘಾತವಾಯಿತು, ಗಳಿಕೆಯಲ್ಲೂ ಚಿತ್ರ ಸೋತಿತು. ಇದರಲ್ಲಿ ಯಾರೂ ಹಾಡುವುದಿಲ್ಲ. ಡೊರೊಥಿಯಾಗಿ ನಟಿಸಿದ ಫೈರೂಜಾ ಬಾಲ್ಕ್ ಚಿತ್ರೀಕರಣದ ವೇಳೆಗೆ ಹತ್ತರ ಆಸುಪಾಸಿನ ಹುಡುಗಿ. ಗಾರ್ಲಂಡ್ ಆ ಪಾತ್ರ ಮಾಡುವಾಗ ಹದಿನಾರು ದಾಟುತ್ತಿದ್ದರು. ಮೂಲ ಪುಸ್ತಕಗಳ ಡೊರೊಥಿ ಚಿಕ್ಕ ಹುಡುಗಿಯೇ ಎಂಬುದನ್ನು ನೆನಪಿಟ್ಟುಕೊಂಡರೆ ಬಾಲ್ಕ್‌ರ ಮುಖ ಬೇರೆಯದೇ ಅರ್ಥ ಕೊಡುತ್ತದೆ. ಆಕೆ ಅಳುವುದು ಕಡಿಮೆ. ದೊಡ್ಡ ಕಣ್ಣುಗಳಿಂದ ಎದುರಿನವರನ್ನು ನೇರವಾಗಿ ನೋಡುತ್ತಾಳೆ, ಅವರು ಹೇಳಿದ್ದನ್ನು ಅಳೆಯುತ್ತಾಳೆ.

ಹಳೆಯ ಚಿತ್ರದಿಂದ ಉಳಿದುಬಂದ ಮುಖ್ಯ ವಸ್ತು ಮಾಣಿಕ್ಯದ ಪಾದರಕ್ಷೆ. 1900ರಲ್ಲಿ ಎಲ್. ಫ್ರಾಂಕ್ ಬಾಮ್ ಬರೆದ ಮೊದಲ ಪುಸ್ತಕದಲ್ಲಿ ಅವು ಬೆಳ್ಳಿಯವು. ಬಣ್ಣದ ಚಿತ್ರದಲ್ಲಿ ಎದ್ದು ಕಾಣಲೆಂದು 1939ರಲ್ಲಿ ಕೆಂಪಾದವು. ಕೆಂಪು ಪಾದರಕ್ಷೆ ಬಳಸಲು ಡಿಸ್ನಿ, ಆ ಹಳೆಯ ಚಿತ್ರವನ್ನು ತೆಗೆದ ಎಂಜಿಎಂ ಸಂಸ್ಥೆಗೆ ಹಣ ತೆರಬೇಕಾಯಿತು. ಮಿಕ್ಕದ್ದೆಲ್ಲ ಬಹುಪಾಲು ಬಾಮ್ ಅವರ ಎರಡನೇ ಮತ್ತು ಮೂರನೇ ಪುಸ್ತಕಗಳಿಂದ ಬಂದದ್ದು. ಅವು 1904ರ ‘ದಿ ಮಾರ್ವೆಲಸ್ ಲ್ಯಾಂಡ್ ಆಫ್ ಓಜ್’ ಮತ್ತು 1907ರ ‘ಓಜ್ಮಾ ಆಫ್ ಓಜ್’.

ಇದನ್ನು ತಿಳಿದಿರುವುದು ಮುಖ್ಯ. ಚಿತ್ರವನ್ನು ಬೇಕೆಂದೇ ಕಪ್ಪಾಗಿಸಿದರು ಎಂಬ ದೂರು ಆಗಾಗ ಕೇಳಿಬರುತ್ತದೆ. ಚಕ್ರದವರು, ತಲೆ ಬದಲಿಸುವ ಹೆಂಗಸು, ಮನುಷ್ಯರನ್ನು ಅಲಂಕಾರದ ವಸ್ತುಗಳಾಗಿಸಿದ ರಾಜ, ಎಲ್ಲರೂ 1907ರ ಪುಸ್ತಕದಲ್ಲೇ ಇದ್ದಾರೆ. ದುಃಖವನ್ನೂ ದುಃಸ್ವಪ್ನವನ್ನೂ ಬಿಟ್ಟ ಕಥೆ ಬರೆಯುತ್ತಿದ್ದೇನೆ ಎಂದು ಬಾಮ್ ಮೊದಲ ಪುಸ್ತಕದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದರು ನಿಜ. ಆದರೆ ಅದೇ ಪುಸ್ತಕದಲ್ಲಿ ತಗಡಿನ ಮನುಷ್ಯ ಹುಟ್ಟುವುದೇ ಮಾಟಕ್ಕೊಳಗಾದ ಕೊಡಲಿ ಅವನ ಅಂಗಗಳನ್ನು ಒಂದೊಂದಾಗಿ ಕಡಿದುಹಾಕಿದ್ದರಿಂದ. ಭಯ ಮೊದಲಿನಿಂದಲೂ ಓಜ್‌ನಲ್ಲಿ ವಾಸವಾಗಿತ್ತು. ಮರ್ಚ್ ಅದರ ಮೇಲಿನ ಹೊದಿಕೆಯನ್ನು ಸರಿಸಿದರು.

ಕ್ಯಾನ್ಸಸ್‌ನ ಭಾಗವನ್ನು ಓಡಿಸಬೇಡಿ

ಮೊದಲ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಮಾಯಾಲೋಕ ಬರುವುದೇ ಇಲ್ಲ. ‘ಓಜ್ ಬರುವವರೆಗೆ ಮುಂದೆ ಓಡಿಸೋಣ’ ಎನಿಸಿದರೆ ಕೈ ಕಟ್ಟಿಕೊಳ್ಳಿ. ಚಿತ್ರದ ಹೃದಯ ಇಲ್ಲೇ ಇದೆ.

ಜಾಗ ಡೊರೊಥಿಯ ಊರಾದ ಅಮೆರಿಕದ ಕ್ಯಾನ್ಸಸ್, ಕಾಲ 1899ರ ಅಕ್ಟೋಬರ್. ಅವಳನ್ನು ಓಜ್‌ಗೆ ಹೊತ್ತೊಯ್ದಿದ್ದ ಸುಂಟರಗಾಳಿ ಬಂದುಹೋಗಿ ಆರು ತಿಂಗಳಾಗಿದೆ, ಹೊಸ ಮನೆ ಇನ್ನೂ ಅರ್ಧದಲ್ಲೇ ನಿಂತಿದೆ. ಚಿಕ್ಕಪ್ಪ ಹೆನ್ರಿಯ ಮುರಿದ ಕಾಲು ಕೂಡಿಕೊಂಡಿದ್ದರೂ ಅವನಿಗೆ ಕೆಲಸಕ್ಕೆ ಏಳಲು ಮನಸ್ಸಿಲ್ಲ. ಮನೆಯಲ್ಲಿ ಸಾಲದ ಚಿಂತೆ. ಡೊರೊಥಿಗೆ ರಾತ್ರಿ ನಿದ್ದೆಯಿಲ್ಲ, ಹಗಲು ಓಜ್‌ನ ಮಾತು ಬಿಟ್ಟು ಬೇರೆ ಮಾತಿಲ್ಲ. ಚಿಕ್ಕಮ್ಮ ಎಮ್ ಕೆಟ್ಟವಳಲ್ಲ. ಮಗುವಿನ ಮೇಲೆ ಪ್ರೀತಿಯಿರುವುದರಿಂದಲೇ ಗಾಡಿ ಕಟ್ಟಿಕೊಂಡು, ವಿದ್ಯುತ್ತಿನಿಂದ ಗುಣಪಡಿಸುತ್ತಾನೆಂದು ಹೆಸರಾದ ವೈದ್ಯನ ಬಳಿಗೆ ಕರೆದೊಯ್ಯುತ್ತಾಳೆ. ನಾಯಿ ಟೋಟೊ ಗಾಡಿಯ ಹಿಂದೆ ಓಡಿಬಂದು ಹಿಂದೆಯೇ ಉಳಿಯುತ್ತದೆ. ದೊಡ್ಡವರಾಗಿ ನೋಡುವಾಗ ಗಮನ ಕೊಡಬೇಕಾದ್ದು ಚಿಕ್ಕಮ್ಮನ ಮುಖಕ್ಕೆ. ಬಾಲ್ಯದಲ್ಲಿ ನಾವು ಆಕೆಯನ್ನು ನೋಡಿರುವುದೇ ಇಲ್ಲ, ಡೊರೊಥಿಯನ್ನು ಮಾತ್ರ ನೋಡಿರುತ್ತೇವೆ. ಈಗ ನೋಡಿದರೆ, ಬೇರೆ ದಾರಿ ತೋಚದ ಹೆಂಗಸೊಬ್ಬಳು ಒಳ್ಳೆಯದೆಂದು ನಂಬಿ ಮಗುವನ್ನು ಒಪ್ಪಿಸಿಬರುವುದು ಕಾಣುತ್ತದೆ. ಇದು ಹಳೆಯ ಭಯಕ್ಕಿಂತ ಆಳದ ಭಯ.

ವೈದ್ಯ ತನ್ನ ಯಂತ್ರವನ್ನು ತೋರಿಸುವ ದೃಶ್ಯದಲ್ಲಿ ನಿಧಾನಿಸಿ. ಮಗುವಿಗೆ ಹೆದರಿಕೆಯಾಗದಿರಲೆಂದು ಅವನು ಯಂತ್ರದಲ್ಲಿ ಒಂದು ಮುಖವನ್ನು ತೋರಿಸುತ್ತಾನೆ. ಇವು ಕಣ್ಣುಗಳು ನೋಡು, ಇದು ಮೂಗು, ಇದು ಬಾಯಿ ಎಂದು ಬೆರಳಿಟ್ಟು ಹೇಳುತ್ತಾನೆ. ದನಿಯಲ್ಲಿ ಗದರಿಕೆಯಿಲ್ಲ, ಬೆಣ್ಣೆಯಂಥ ಮಾತು. ಬರಲಿರುವ ಇಪ್ಪತ್ತನೇ ಶತಮಾನ, ವಿದ್ಯುತ್ತಿನ ಯುಗ ಎಂದೆಲ್ಲ ಅವನಿಗೆ ಸಂಭ್ರಮ. ಮಗುವಿನ ತಲೆಯೊಳಗಿನ ಓಜ್ ಅವನಿಗೆ ತೆಗೆದುಹಾಕಬೇಕಾದ ಒಂದು ರೋಗ. ಆಮೇಲೆ ಡೊರೊಥಿಯನ್ನು ಚಕ್ರದ ಮಂಚಕ್ಕೆ ಪಟ್ಟಿಗಳಿಂದ ಬಿಗಿದು ದೂಡಿಕೊಂಡು ಹೋಗುತ್ತಾರೆ. ಕಿರ್ ಕಿರ್ ಎನ್ನುವ ಆ ಚಕ್ರಗಳ ಸದ್ದನ್ನು ಕಿವಿಯಲ್ಲಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ. ದೂರದಿಂದ ಯಾರೋ ಕಿರುಚುವುದು ಕೇಳುತ್ತದೆ. ಸಿಡಿಲು ಬಡಿದು ದೀಪಗಳೆಲ್ಲ ಆರುತ್ತವೆ. ಎಲ್ಲಿಂದಲೋ ಬಂದ ಹೊಂಗೂದಲಿನ ಹುಡುಗಿಯೊಬ್ಬಳು ಪಟ್ಟಿಗಳನ್ನು ಬಿಚ್ಚುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆಸ್ಪತ್ರೆಯ ಕೆಟ್ಟ ನೆನಪುಗಳಿರುವವರಿಗೆ, ಒತ್ತಾಯದ ಚಿಕಿತ್ಸೆಯನ್ನು ಕಂಡವರಿಗೆ ಅಥವಾ ಅನುಭವಿಸಿದವರಿಗೆ ಈ ಹತ್ತು ನಿಮಿಷ ಚಕ್ರದವರಿಗಿಂತ ಕಷ್ಟವಾಗಬಹುದು. ಎದೆ ಹಿಂಡಿದಂತಾಗಿ ಕೂರಲಾಗದಿದ್ದರೆ ನಿಲ್ಲಿಸಿಬಿಡಿ. ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಜೋಡಿಗಳನ್ನು ಹುಡುಕುತ್ತ ನೋಡಿ

ಆಸ್ಪತ್ರೆಯಿಂದ ತಪ್ಪಿಸಿಕೊಂಡು ಪ್ರವಾಹದಲ್ಲಿ ತೇಲಿಹೋದ ಡೊರೊಥಿ ಕಣ್ಣು ತೆರೆದಾಗ ಮನೆಯ ಕೋಳಿ ಬಿಲ್ಲಿನಾ ಮಾತಾಡುತ್ತಿರುತ್ತದೆ. ಎದುರಿಗೆ, ಕಾಲಿಟ್ಟವರನ್ನು ಮರಳಾಗಿಸುವ ಮರುಭೂಮಿ. ಇಲ್ಲಿಂದ ಮುಂದಿನ ಕೆಲಸವೆಂದರೆ ಕ್ಯಾನ್ಸಸ್‌ನಲ್ಲಿ ಕಂಡದ್ದೆಲ್ಲ ಓಜ್‌ನಲ್ಲಿ ಯಾವ ವೇಷ ತೊಟ್ಟು ಬರುತ್ತದೆ ಎಂದು ಗುರುತಿಸುತ್ತ ಹೋಗುವುದು.

ಕಪ್ಪು ಉಡುಪಿನ ದಾದಿಯ ಪಾತ್ರ ಮಾಡಿದ ಜೀನ್ ಮಾರ್ಷ್ ತಲೆ ಬದಲಿಸುವ ಮೊಂಬಿಯಾಗಿ ಮರಳುತ್ತಾರೆ. ವೈದ್ಯನಾಗಿದ್ದ ನಿಕೋಲ್ ವಿಲಿಯಮ್ಸನ್, ಬೇರೆಯವರನ್ನು ಅಲಂಕಾರದ ವಸ್ತುಗಳಾಗಿಸುವ ನೋಮ್ ರಾಜನಾಗುತ್ತಾರೆ. ಮಂಚ ದೂಡುತ್ತಿದ್ದ ಆಳು ಚಕ್ರದವರ ನಾಯಕನಾಗುತ್ತಾನೆ, ಮಂಚದ ಕಿರುಗುಟ್ಟುವಿಕೆ ಅವರ ಕೈಕಾಲಿನ ಚಕ್ರಗಳಿಗೆ ಬರುತ್ತದೆ. ಪುಸ್ತಕದ ಚಕ್ರದವರು ಬೊಗಳುವವರಷ್ಟೇ, ಕಚ್ಚುವವರಲ್ಲ. ತಮ್ಮ ಅಂಜುಬುರುಕುತನ ಗೊತ್ತಾಗದಿರಲೆಂದು ಅಬ್ಬರಿಸುತ್ತಾರೆ. ಚಿತ್ರದವರಿಗೆ ಈ ಸದ್ದಿನಿಂದಲೇ ಹಲ್ಲು ಬಂದಿದೆ.

ಒಳ್ಳೆಯವೂ ಹೀಗೆಯೇ ಮರಳುತ್ತವೆ. ವೈದ್ಯ ಯಂತ್ರದಲ್ಲಿ ತೋರಿಸಿದ ಮುಖ ಗುಂಡುಹೊಟ್ಟೆಯ ತಾಮ್ರದ ಮನುಷ್ಯ ಟಿಕ್-ಟಾಕ್ ಆಗುತ್ತದೆ. ಆಸ್ಪತ್ರೆಯಲ್ಲಿ ಆ ಹುಡುಗಿ ಕೊಟ್ಟ ಕುಂಬಳಕಾಯಿ, ಕಡ್ಡಿಯಂಥ ಮೈಯ ಜ್ಯಾಕ್‌ನ ತಲೆಯಾಗುತ್ತದೆ. ಅದೇ ಯಂತ್ರ ಒಂದು ಕಡೆ ಮಗುವನ್ನು ಅಳಿಸಲು ಬಂದದ್ದು, ಇನ್ನೊಂದು ಕಡೆ ಅವಳ ಕಾವಲಿಗೆ ನಿಂತದ್ದು. ಟಿಕ್-ಟಾಕ್‌ನ ಯೋಚನೆಗೊಂದು, ಮಾತಿಗೊಂದು, ಚಲನೆಗೊಂದು ಕೀಲಿ ಬೇರೆಬೇರೆಯಾಗಿದೆ, ಮೂರನ್ನೂ ಡೊರೊಥಿಯೇ ತಿರುವಬೇಕು. ವೈದ್ಯನ ಯಂತ್ರದ ಮುಂದೆ ಅವಳ ಕೈಗಳನ್ನು ಕಟ್ಟಲಾಗಿತ್ತು. ಇಲ್ಲಿ ಕೀಲಿ ಅವಳ ಕೈಯಲ್ಲಿದೆ. ಇಷ್ಟನ್ನು ಗಮನಿಸಿದ ಮೇಲೆ ನನಗೆ ಟಿಕ್-ಟಾಕ್ ಬರುವ ಪ್ರತಿ ದೃಶ್ಯವೂ ಹೆಚ್ಚು ಇಷ್ಟವಾಗತೊಡಗಿತು.

ಹಾಗಾದರೆ ಎಲ್ಲವೂ ಅವಳ ಕಲ್ಪನೆಯೇ? ಚಿತ್ರ ಆ ಉತ್ತರವನ್ನು ಕೊಡುವುದಿಲ್ಲ. ನೀವೂ ಆತುರಪಟ್ಟು ಕೊಟ್ಟುಕೊಳ್ಳಬೇಡಿ. ‘ಇದೆಲ್ಲ ಅವಳ ಮನಸ್ಸಿನ ಆಟ’ ಎಂದು ತೀರ್ಮಾನಿಸಿದ ಕ್ಷಣ ನಾವೂ ಆ ವೈದ್ಯನ ಪಕ್ಕಕ್ಕೆ ಹೋಗಿ ನಿಂತಂತೆ.

ತಲೆಗಳ ಓಣಿಯಲ್ಲಿ ಕಣ್ಣು ತೆರೆದಿರಿ

ಬಹಳ ಜನ ಕಣ್ಣು ಮುಚ್ಚಿಕೊಂಡ ಜಾಗ ಇದು. ಮೊಂಬಿಯ ಅರಮನೆಯಲ್ಲಿ ಎಲ್ಲೆಲ್ಲೂ ಕನ್ನಡಿ, ಬಂಗಾರದ ಬೆಳಕು. ಮ್ಯಾಂಡೊಲಿನ್ ನುಡಿಸುತ್ತ ಕುಳಿತ ಸುಂದರಿ ಡೊರೊಥಿಯನ್ನು ಓಣಿಯೊಂದಕ್ಕೆ ಕರೆದೊಯ್ಯುತ್ತಾಳೆ. ಎರಡೂ ಬದಿಯ ಗಾಜಿನ ಕಪಾಟುಗಳಲ್ಲಿ ಒಂದೊಂದು ತಲೆ, ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತವೆ. ಆಕೆ ತನ್ನ ತಲೆಯನ್ನು ತೆಗೆದು ಬೇರೊಂದನ್ನು ಧರಿಸುತ್ತಾಳೆ. ಡೊರೊಥಿಯ ಮುಖ ಇನ್ನೂ ಎಳೆಯದು, ಬಲಿತ ಮೇಲೆ ಬೇಕಾಗುತ್ತದೆ ಎಂದು ಅವಳನ್ನು ಗೋಪುರದಲ್ಲಿ ಕೂಡಿಹಾಕುತ್ತಾಳೆ.

ಪ್ರಾಣ ತುಂಬುವ ಪುಡಿಯನ್ನು ಕದಿಯಲು ಡೊರೊಥಿ ರಾತ್ರಿ ಮರಳಿ ಬರುವಾಗ ನೋಡಿ. ತಲೆಯಿಲ್ಲದ ದೇಹ ಹಾಸಿಗೆಯಲ್ಲಿ ಮಲಗಿದೆ. ಅದರ ಮಣಿಕಟ್ಟಿನಿಂದ ಕೀಲಿಯನ್ನು ಬಿಡಿಸಬೇಕು. ಡೊರೊಥಿ ಬಿಡಿಸುತ್ತಾಳೆ, ಓಣಿಯಲ್ಲಿ ಹೆಜ್ಜೆ ಸದ್ದಾಗದಂತೆ ನಡೆಯುತ್ತಾಳೆ. ಮೊಂಬಿಯ ಸ್ವಂತ ತಲೆಯಿರುವ ಕಪಾಟನ್ನು ತೆರೆಯುತ್ತಾಳೆ. ಕೈ ಪುಡಿಯ ಪಾತ್ರೆಗೆ ಹೋಗುತ್ತದೆ. ಆ ತಲೆ ಕಣ್ಣು ಬಿಡುತ್ತದೆ, ಅವಳ ಪೂರ್ತಿ ಹೆಸರನ್ನು ಹಿಡಿದು ಕೂಗುತ್ತದೆ. ಸಾಲಿನ ಎಲ್ಲ ತಲೆಗಳೂ ಒಟ್ಟಿಗೆ ಕಿರುಚಲು ತೊಡಗುತ್ತವೆ. ಹಾಸಿಗೆಯ ಮೇಲಿನ ದೇಹ ಎದ್ದು ಬರುತ್ತದೆ.

ಈ ದೃಶ್ಯದ ನಡುವೆ ಚಿತ್ರವನ್ನು ನಿಲ್ಲಿಸಬೇಡಿ. ನಡುವೆ ನಿಲ್ಲಿಸಿದರೆ ಹೆದರಿಕೆ ಅಲ್ಲಿಗೇ ಹೆಪ್ಪುಗಟ್ಟುತ್ತದೆ, ಬಾಲ್ಯದಲ್ಲಿ ಕಣ್ಣು ಮುಚ್ಚಿಕೊಂಡಾಗ ಆದದ್ದೂ ಅದೇ. ನಾವು ಮುಚ್ಚಿದ ಕಣ್ಣಿನೊಳಗೆ ಆ ದೃಶ್ಯ ಮುಗಿಯದೆ ಉಳಿಯಿತು. ಪೂರ್ತಿ ನೋಡಿದರೆ ಡೊರೊಥಿ ಪುಡಿಯ ಸಮೇತ ಪಾರಾಗುವುದು ಕಾಣುತ್ತದೆ. ಹತ್ತು ವರ್ಷದ ಹುಡುಗಿ ತನ್ನ ತಲೆಯನ್ನೇ ಬೇಡಿದವಳ ಮಲಗುವ ಕೋಣೆಗೆ ಹೋಗಿ ಕೆಲಸ ಮುಗಿಸಿಕೊಂಡು ಬಂದಿದ್ದಾಳೆ. ದೃಶ್ಯ ಮುಗಿದ ಮೇಲೆ ಬೇಕಾದರೆ ನಿಲ್ಲಿಸಿ, ನೀರು ಕುಡಿಯಿರಿ.

ಕಣ್ಣು ತೆರೆದಿರಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಓಣಿ ಬಲು ಸುಂದರ. ಗಾಜು, ಚಿನ್ನದ ಅಂಚು, ನಡೆದಂತೆಲ್ಲ ಒಡೆದು ಕೂಡುವ ಪ್ರತಿಬಿಂಬಗಳು. ಹೊಲಸು ಗವಿಯಲ್ಲೋ ಕತ್ತಲ ನೆಲಮಾಳಿಗೆಯಲ್ಲೋ ಆ ತಲೆಗಳನ್ನು ಇಟ್ಟಿದ್ದರೆ ಇಷ್ಟು ವರ್ಷ ಯಾರಿಗೂ ನೆನಪಿರುತ್ತಿರಲಿಲ್ಲ. ನೋಡಲೇಬೇಕೆನಿಸುವ ಚೆಲುವೇ ಅಲ್ಲಿ ನಮ್ಮನ್ನು ಹತ್ತಿರಕ್ಕೆ ಎಳೆಯುತ್ತದೆ. ಆಮೇಲೆ ಆ ಚೆಲುವು ಕಣ್ಣು ಬಿಡುತ್ತದೆ.

ನೋಮ್ ರಾಜನ ಮುಂದೆ ತಾಳ್ಮೆ ಬೇಕು

ಎರಡು ಸೋಫಾಗಳನ್ನು ಜೋಡಿಸಿ ಕಟ್ಟಿ, ತಾಳೆಗರಿಯ ರೆಕ್ಕೆ ಹಚ್ಚಿ, ಗೋಡೆಗೆ ನೇತುಹಾಕಿದ್ದ ಪ್ರಾಣಿಯ ತಲೆಯನ್ನು ಮುಂದಕ್ಕೆ ಬಿಗಿದು ಪುಡಿ ಎರಚಿದಾಗ ಗಂಪ್ ಎಂಬ ಹಾರುವ ವಾಹನ ಸಿದ್ಧವಾಗುತ್ತದೆ. ಈ ಹಾರಾಟವನ್ನು ಸುಮ್ಮನೆ ಆನಂದಿಸಿ, ಹೇಳುವುದೇನೂ ಇಲ್ಲ. ಜ್ಯಾಕ್ ಡೊರೊಥಿಯನ್ನು ಅಮ್ಮ ಎಂದು ಕರೆಯಬಹುದೇ ಎಂದು ಕೇಳುವ ಮಾತಿಗೆ ಮಾತ್ರ ಕಿವಿಗೊಡಿ.

ನೋಮ್ ರಾಜನ ಬೆಟ್ಟದಲ್ಲಿ ಚಿತ್ರದ ವೇಗ ಇಳಿಯುತ್ತದೆ. ಮಕ್ಕಳಾಗಿದ್ದಾಗ ಇಲ್ಲಿ ಬೇಸರವಾಗಿತ್ತೆಂದು ನಿಮ್ಮ ಕಾಗದದಲ್ಲಿದ್ದರೂ ಇರಬಹುದು. ಈಗ ನೋಡಿದರೆ ಚಿತ್ರದ ಅತ್ಯಂತ ಸೂಕ್ಷ್ಮವಾದ ಭಯ ಇಲ್ಲಿದೆ. ರಾಜ ಕೂಗಾಡುವುದಿಲ್ಲ. ಡೊರೊಥಿಯ ಹಳೆಯ ಗೆಳೆಯ ಬೆದರುಬೊಂಬೆಯನ್ನು ಅಲಂಕಾರದ ವಸ್ತುವಾಗಿ ಮಾರ್ಪಡಿಸಿ ಸಾವಿರಾರು ವಸ್ತುಗಳ ನಡುವೆ ಇಟ್ಟಿದ್ದಾನೆ. ಒಬ್ಬೊಬ್ಬರಾಗಿ ಒಳಗೆ ಹೋಗಿ, ಇದೇ ಎನಿಸಿದ್ದನ್ನು ಮುಟ್ಟಿ ‘ಓಜ್’ ಎನ್ನಬೇಕು. ಮೂರು ಸಲ ತಪ್ಪಿದರೆ ತಾವೂ ಒಂದು ವಸ್ತುವಾಗಬೇಕು. ಹೊರಗೆ ಕಾಯುತ್ತಿರುವ ಡೊರೊಥಿಗೆ ಅವನು ಸಮಾಧಾನದ ಮಾತಾಡುತ್ತಾನೆ, ಬೇಕಾದರೆ ಮನೆಗೆ ಕಳಿಸಿಕೊಡುತ್ತೇನೆ, ಎಲ್ಲವನ್ನೂ ಮರೆತುಬಿಡು ಎನ್ನುತ್ತಾನೆ. ಆ ಬೆಣ್ಣೆಯ ದನಿ ಯಾರದು ಎಂದು ಈಗ ನಿಮಗೆ ಗೊತ್ತಿದೆ.

ಅವನ ಮುಖವನ್ನು ಬಿಡದೆ ಗಮನಿಸಿ. ಮೊದಲು ಅದು ಬರಿಯ ಬಂಡೆ. ಡೊರೊಥಿಯ ಸ್ನೇಹಿತರು ಒಬ್ಬೊಬ್ಬರಾಗಿ ವಸ್ತುಗಳಾದಂತೆ ಅವನ ಕಲ್ಲಿನ ಮೈ ಮೆದುವಾಗುತ್ತ ಮನುಷ್ಯರೂಪಕ್ಕೆ ಬರುತ್ತದೆ. ಅವರು ಕಳೆದುಕೊಂಡ ಜೀವ ಇವನಿಗೆ ಸೇರುತ್ತಿದೆ. ಇದು ಅವನ ಮುಖದ ಮೇಲೆಯೇ ನಡೆಯುತ್ತದೆ. ಕಾಲಿನಲ್ಲಿ ಮಾಣಿಕ್ಯದ ಪಾದರಕ್ಷೆ ಮಿನುಗುತ್ತದೆ. ಕೊನೆಗೆ ಇಷ್ಟೆಲ್ಲ ಶಕ್ತಿಯ ರಾಜ ಬಿಲ್ಲಿನಾ ಇಟ್ಟ ಒಂದು ಮೊಟ್ಟೆಯಿಂದ ಪುಡಿಪುಡಿಯಾಗುತ್ತಾನೆ. ಮೊಟ್ಟೆಯಿಡದಿದ್ದರೆ ಸಾರಿಗೆ ಹೋಗಬೇಕಾಗುತ್ತದೆ ಎಂದು ಕ್ಯಾನ್ಸಸ್‌ನಲ್ಲಿ ಚಿಕ್ಕಮ್ಮ ಹೇಳಿದ್ದ ಕೋಳಿ ಅದು.

ಹೇಗೆ ಮಾಡಿದರು ಎಂಬುದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ

ಮೊದಲ ಸಲ ನೋಡುವಾಗ ತಂತ್ರವನ್ನು ಹುಡುಕಬೇಡಿ. ಎರಡನೇ ಸಲ ಅದೇ ಒಂದು ಹಬ್ಬ. ಬಂಡೆಯ ಮುಖಗಳು ಚಲಿಸಿದ್ದು ವಿಲ್ ವಿಂಟನ್ ಅವರ ಜೇಡಿಮಣ್ಣಿನ ಆ್ಯನಿಮೇಷನ್‌ನಿಂದ. ಚೌಕಟ್ಟು ಚೌಕಟ್ಟಿಗೆ ಮಣ್ಣನ್ನು ಕೈಯಿಂದ ತಿದ್ದಿ ಚಿತ್ರಿಸಿದ್ದು. ಟಿಕ್-ಟಾಕ್‌ನ ಗುಂಡು ಮೈಯೊಳಗೆ ಮೈಕಲ್ ಸಂಡಿನ್ ಎಂಬ ಕಸರತ್ತುಗಾರ ಸೊಂಟದಿಂದ ಬಾಗಿ, ತಲೆಯನ್ನು ಕಾಲುಗಳ ನಡುವೆ ತಂದು, ಒಳಗಿದ್ದ ಪುಟ್ಟ ಟಿ.ವಿ. ಪರದೆಯಲ್ಲಿ ದಾರಿ ನೋಡಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದ. ಜ್ಯಾಕ್‌ಗೆ ದನಿ ಕೊಟ್ಟವರು ಬ್ರಯಾನ್ ಹೆನ್ಸನ್. ದೃಶ್ಯ ಪರಿಣಾಮಗಳಿಗೆ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಇದನ್ನೆಲ್ಲ ತಿಳಿದರೆ ಮಾಂತ್ರಿಕತೆ ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ಈ ಲೋಕದ ವಸ್ತುಗಳಿಗೆಲ್ಲ ನಿಜವಾದ ತೂಕವಿದೆ, ಬೆಳಕು ಅವುಗಳ ಮೇಲೆ ನಿಜವಾಗಿ ಬಿದ್ದಿದೆ, ಡೊರೊಥಿಯ ಕೈ ನಿಜವಾಗಿಯೂ ತಾಮ್ರದ ಬಣ್ಣದ ಆ ಕೈಯನ್ನು ಹಿಡಿದಿದೆ. ಬಾಲ್ಯದಲ್ಲಿ ನಮಗೆ ‘ಇದು ಇದೆ’ ಎನಿಸಿದ್ದು ಸುಳ್ಳಾಗಿರಲಿಲ್ಲ.

ಎರಡನೇ ಸಲ ಸಾಧ್ಯವಾದರೆ ಜಾನ್ ಆರ್. ನೀಲ್ ಅವರ ಚಿತ್ರಗಳಿರುವ ಬಾಮ್ ಪುಸ್ತಕಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡನೇ ಪುಸ್ತಕದಿಂದ ಚಿತ್ರ ಬರೆದವರು ನೀಲ್. ಚಿತ್ರದ ಟಿಕ್-ಟಾಕ್, ಜ್ಯಾಕ್ ಇಬ್ಬರೂ ಅವರ ಗೆರೆಗಳಿಂದ ಎದ್ದುಬಂದವರು. ಪುಸ್ತಕಗಳು ಹಳೆಯವಾದ್ದರಿಂದ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಚಿತ್ರ ಮುಗಿದ ಮೇಲೆ

ಕೊನೆಯ ದೃಶ್ಯದಲ್ಲಿ ಡೊರೊಥಿ ತನ್ನ ಕೋಣೆಯ ಕನ್ನಡಿಯಲ್ಲಿ ಓಜ್ಮಾಳನ್ನು, ಎಂದರೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ್ದ ಆ ಹುಡುಗಿಯನ್ನು, ಕಾಣುತ್ತಾಳೆ, ಚಿಕ್ಕಮ್ಮನನ್ನು ಕೂಗುತ್ತಾಳೆ. ಓಜ್ಮಾ ತುಟಿಗೆ ಬೆರಳಿಡುತ್ತಾಳೆ. ಚಿಕ್ಕಮ್ಮ ಬಂದಾಗ ಡೊರೊಥಿ ಕಂಡದ್ದನ್ನು ಹೇಳುವುದಿಲ್ಲ. ಇದನ್ನು ಸುಖಾಂತ್ಯ ಎನ್ನಬಹುದೇ? ನನಗೆ ಇಲ್ಲಿ ಸಂತೋಷಕ್ಕಿಂತ ನೋವೇ ಹೆಚ್ಚು. ಓಜ್ ಉಳಿಯಿತು, ಆದರೆ ದೊಡ್ಡವರಿಗೆ ಎಲ್ಲವನ್ನೂ ಹೇಳಬಾರದು ಎಂಬುದನ್ನು ಮಗು ಕಲಿತುಬಿಟ್ಟಿತು. ನಿಮಗೆ ಬೇರೆ ರೀತಿ ಅನ್ನಿಸಬಹುದು, ಆ ಬಗ್ಗೆ ನಿಮ್ಮವರ ಜೊತೆ ಮಾತಾಡಿ.

ಕಾಗದವನ್ನು ಅಂದೇ ರಾತ್ರಿ ತೆರೆಯಬೇಡಿ. ಒಂದು ನಿದ್ದೆ ಕಳೆಯಲಿ. ಮರುದಿನ ಬಿಡಿಸಿ, ಒಂದೊಂದು ಸಾಲಿನ ಎದುರಿಗೆ ಚಿತ್ರದಲ್ಲಿ ನಿಜವಾಗಿ ಕಂಡದ್ದನ್ನು ಬರೆಯಿರಿ. ನೆನಪಿನಲ್ಲಿ ದೀರ್ಘವಾಗಿದ್ದ ದೃಶ್ಯ ಅರ್ಧ ನಿಮಿಷದ್ದಾಗಿರಬಹುದು. ಎಂದೂ ಇಲ್ಲದ ದೃಶ್ಯವೊಂದು ನೆನಪಿನಲ್ಲಿ ಇದ್ದಿರಬಹುದು. ಹಾಗಿದ್ದರೆ ಅದನ್ನು ತಪ್ಪು ಎಂದು ಗುರುತು ಹಾಕಬೇಡಿ, ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಚಿತ್ರಕ್ಕೆ ನಿಮ್ಮ ಮನಸ್ಸು ಸೇರಿಸಿದ್ದು ಅದು, ನಿಮ್ಮದೇ ಯಾವುದೋ ಭಯದ ಗುರುತು ಅದರಲ್ಲಿ ಇದ್ದೇ ಇರುತ್ತದೆ.

ಮಗುವಿಗೆ ತೋರಿಸುವುದಾದರೆ

ಅಮೆರಿಕದಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಪಿಜಿ ಪ್ರಮಾಣಪತ್ರ, ಎಂದರೆ ದೊಡ್ಡವರ ಮಾರ್ಗದರ್ಶನ ಬೇಕು ಎಂದು. ಆ ಮಾರ್ಗದರ್ಶನವನ್ನು ನಿಜವಾಗಿಯೂ ಕೊಡಿ. ವಯಸ್ಸಿನ ಲೆಕ್ಕಕ್ಕಿಂತ ಮಗುವಿನ ಸ್ವಭಾವ ಮುಖ್ಯ. ಕಥೆಯಲ್ಲಿ ಹೆದರಿಕೆ ಬಂದಾಗ ‘ಆಮೇಲೇನಾಯಿತು’ ಎಂದು ಕೇಳುವ ಮಗು ಸಿದ್ಧವಾಗಿದೆ. ದಿನಗಟ್ಟಲೆ ನಿದ್ದೆಗೆಡುವ ಮಗುವಿಗೆ ಇನ್ನೆರಡು ಮೂರು ವರ್ಷ ಬಿಡಿ. ಹುಡುಗಿ ಕ್ಷೇಮವಾಗಿ ಮನೆಗೆ ಬರುತ್ತಾಳೆ ಎಂದು ಮೊದಲೇ ಹೇಳಿಬಿಡಿ, ಅದರಿಂದ ಕಥೆಯ ರಸ ಕೆಡುವುದಿಲ್ಲ. ಹಗಲಿನಲ್ಲಿ, ಮಲಗಲು ಇನ್ನೂ ಹಲವು ಗಂಟೆಗಳಿರುವಾಗ ತೋರಿಸಿ. ಪಕ್ಕದಲ್ಲೇ ಕುಳಿತಿರಿ, ಫೋನು ನೋಡಬೇಡಿ.

ಮಗು ‘ಭಯವಾಗುತ್ತಿದೆ’ ಎಂದರೆ ‘ಅದೆಲ್ಲ ಸುಳ್ಳು, ಸುಮ್ಮನಿರು’ ಎನ್ನಬೇಡಿ. ಯಾವುದನ್ನು ನೋಡಿ ಭಯವಾಯಿತು ಎಂದು ಕೇಳಿ, ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ, ನಿಮಗೂ ಅಲ್ಲೇ ಭಯವಾಗಿತ್ತು ಎಂದಾದರೆ ಹೇಳಿ. ನಿಲ್ಲಿಸು ಎಂದರೆ ತಕ್ಷಣ ನಿಲ್ಲಿಸಿ. ಉಳಿದದ್ದನ್ನು ಯಾವಾಗ ನೋಡಬೇಕು ಎಂಬುದನ್ನು ಅದೇ ಬಂದು ಹೇಳಲಿ.